ದಿನಾ ಮುಂಜಾನೆ ತಾನಾಗಿಯೇ ತೆರೆಯುವ ಬ್ಯಾನರ್

“ಅಣ್ಣಾರ, ಕಂಪ್ಯೂಟರ್ ಚಾಲೂ ಮಾಡಾಕ ಅಂಜಿಕಿ ಬರ್ತೈತ್ರಿ. ಒಮ್ಮೆ ಬಂದು ಹೋಗ್ರಿ.”

ಕಳೆದ ವಾರ ಮುಂಡರಗಿಯಿಂದ ನೀಲವ್ವ ಫೋನ್ ಮಾಡಿದಾಗ ವೈರಸ್ ಇರಬೇಕು ಅಂದುಕೊಂಡೆ. (ಕಂಪ್ಯೂಟರಿಗೆ ಅಂಜಲು ಬೇರೆ ಕಾರಣ ಏನಿರುತ್ತದೆ?) ಗದಗಿನಲ್ಲಿ ಬಸ್ ಹತ್ತಿದೆ.

ನೀಲವ್ವನ ಗಂಡ ಈರಣ್ಣ ನನ್ನ ಗೆಳೆಯ. ಫ್ಲೆಕ್ಸ್ ಬ್ಯಾನರ್ ಅಂಗಡಿ ಇಟ್ಟಿದ್ದ. ಹೋದ ತಿಂಗಳು ಎದೆನೋವು ಅಂದವನು ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡ. ಈಗ ಅಂಗಡಿ ನೀಲವ್ವನದು.

ಅವನ ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಟ್ಟವನು ನಾನು. “ಚಾಲೂ ಮಾಡಿದ ಕೂಡ್ಲೆ ಶ್ರದ್ಧಾಂಜಲಿ ಫೈಲ್ ತಾನ ತೆರಿಬೇಕು ನೋಡಪಾ” ಎಂದಿದ್ದ. ಅದೇ ಯಾಕೆ? “ಲಗ್ನದ ಮಂದಿ ಎರಡು ದಿನ ತಡಿತಾರ. ಸತ್ತವರ ಮನಿಯವರು ನಾ ಬಾಗಲಾ ತೆಗೆಯೂದರಾಗ ಬಂದು ನಿಂತಿರ್ತಾರ. ಅವರನ್ನ ಕಾಯಿಸಬಾರದು.” ಮೆನುವಿನಲ್ಲಿ ಸ್ಟಾರ್ಟಪ್ ಅಪ್ಲಿಕೇಶನ್ಸ್ ತೆರೆದೆ, ಆ ಫೈಲ್ ತೆರೆಯುವ ಒಂದು ಸಾಲು ಸೇರಿಸಿದೆ. ಅಷ್ಟೇ ಕೆಲಸ.

ಈರಣ್ಣನದೊಂದು ರೂಢಿ. ಪ್ರತಿ ಬ್ಯಾನರಿಗೂ ಹೊಸ ಫೈಲ್ ಮಾಡುವವನಲ್ಲ. ಹಳೇ ಫೋಟೊ ಅಳಿಸಿ, ಹೊಸದು ಕೂರಿಸಿ, ಅದರಲ್ಲೇ ಸೇವ್. ಹೀಗಾಗಿ ದಿನಾ ಮುಂಜಾನೆ ಪರದೆಯ ಮೇಲೆ ಕೊನೆಗೆ ಸತ್ತವರ ಮುಖ ಬರುತ್ತಿತ್ತು. “ಬರ್ರಿ ಯಜಮಾನ್ರ, ಕುಂಡ್ರಿ” ಎನ್ನುತ್ತ ಈರಣ್ಣ ಅದಕ್ಕೇ ಊದಿನಕಡ್ಡಿ ಬೆಳಗುತ್ತಿದ್ದ. ನಾನೂ ನಕ್ಕಿದ್ದೇನೆ.

ನಾನು ಅಂಗಡಿ ಮುಟ್ಟಿದ ಮೇಲೆ ನೀಲವ್ವ ಸ್ವಿಚ್ ಒತ್ತಿದಳು. ಈರಣ್ಣ ಬಂದ. ಕೆಳಗೆ ‘ಭಾವಪೂರ್ಣ ಶ್ರದ್ಧಾಂಜಲಿ’.

ಗಂಡನ ಬ್ಯಾನರನ್ನೂ ಅವಳೇ ಮಾಡಿದ್ದಳಂತೆ. ಬೇರೆ ಯಾರಿಗೆ ಬರುತ್ತಿತ್ತು ಆ ಕೆಲಸ? ಅಂಗಡಿ ಮತ್ತೆ ತೆರೆದ ಮೇಲೆ ಬಂದದ್ದು ಬರೀ ಜೆರಾಕ್ಸಿನ ಗಿರಾಕಿಗಳು. ಬ್ಯಾನರಿನವರು ಅಂಗಡಿ ಮುಚ್ಚಿತೆಂದು ಬೇರೆ ಕಡೆ ಹೋಗುತ್ತಿದ್ದರು. ಹಾಗಾಗಿ ಫೈಲಿನಲ್ಲಿ ಈರಣ್ಣನೇ ಉಳಿದಿದ್ದ.

ಎಲ್ಲವೂ ತಾನಾಗಿಯೇ ಆಗಲಿ ಎಂದು ಮಷಿನ್ನಿಗೆ ಒಪ್ಪಿಸಿ ಕೂರುತ್ತೇವೆ. ಅಲಾರಾಂ, ಕರೆಂಟ್ ಬಿಲ್, ಹುಟ್ಟುಹಬ್ಬದ ಶುಭಾಶಯ ಕೂಡ. ಒಪ್ಪಿಸಿದವನೇ ಹೋದ ಎಂಬ ಖಬರ ಅದಕ್ಕೆ ಮುಟ್ಟಿಸುವವರು ಯಾರು? ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ.

“ಒಂದು ಟಿಕ್ ತಗದ್ರ ಆತು, ನೀಲವ್ವಾ. ನಾಳಿಯಿಂದ ಬರೂದಿಲ್ಲ” ಎಂದು ಮೌಸ್ ಹಿಡಿದೆ.

ಅಷ್ಟರಲ್ಲಿ ಹಮ್ಮಿಗಿಯಿಂದ ಒಬ್ಬರು ಬಂದರು. ಬೆಳಗಿನ ಜಾವ ಅವರ ತಾಯಿ ತೀರಿಕೊಂಡಿದ್ದರು. ಮೊಬೈಲಿನಲ್ಲಿದ್ದ ಫೋಟೊ ತೋರಿಸಿ, “ಜಲ್ದಿ ಮಾಡಿಕೊಡ್ರಿ ಅಕ್ಕಾರ, ಮಣ್ಣಿಗೆ ಹೊತ್ತಾಕ್ಕೈತಿ” ಎಂದರು.

ನೀಲವ್ವ ನನ್ನ ಕೈಯಿಂದ ಮೌಸ್ ತೆಗೆದುಕೊಂಡಳು. ಗಂಡನ ಫೋಟೊ ಮೇಲೆ ಒತ್ತಿದಳು. ಡಿಲೀಟ್. ಆ ಜಾಗದಲ್ಲಿ ಹಮ್ಮಿಗಿಯ ಮುದುಕಿಯನ್ನು ಕೂರಿಸಿದಳು, ಹೆಸರು ತಿದ್ದಿದಳು, ಸೇವ್ ಮಾಡಿ ಪ್ರಿಂಟಿಗೆ ಕೊಟ್ಟಳು. ಕೈ ಎಲ್ಲೂ ತಡವರಿಸಲಿಲ್ಲ.

ಅವರು ಬ್ಯಾನರ್ ಸುತ್ತಿಕೊಂಡು ಹೋದ ಮೇಲೆ ಅವಳು ಸ್ಟೂಲಿನ ಮೇಲೆ ಕುಸಿದು ಕೂತಳು. ಈರಣ್ಣನದೊಂದು ಕಾಪಿ ಇಡಬಹುದಿತ್ತಲ್ಲ ಎಂದೆ. ತಲೆ ಅಲ್ಲಾಡಿಸಿದಳು.

“ನಾನಾಗೆ ಅವರನ್ನ ಅಳಸಾಕ ಕೈ ಬರವಲ್ದಾಗಿತ್ರಿ ಅಣ್ಣಾರ. ಯಾರದರ ಬ್ಯಾನರ್ ಬಂದ್ರ ಅಳಸೂದು ತಪ್ಪೂದಿಲ್ಲಲ್ಲ? ಅದಕ್ಕ ದಿನಾ ಬಾಗಲಾ ತೆಗೆಯೂ ಮುಂದ, ಇವತ್ತರ ಯಾರರ ಸಾಯ್ಲಿ ಅಂತ ಬೇಡ್ಕೊಂಡೀನ್ರಿ. ಆ ಹಮ್ಮಿಗಿ ಅವ್ವ ನನಗೇನ್ ಮಾಡಿದ್ಳ್ರಿ?”