ಚೀಲದ ಮೇಲೆ ಸವೆದ ಅಕ್ಷರ

ಗಂಗಾವತಿಯ ಒಂದು ಅಕ್ಕಿ ಗಿರಣಿಯ ಚೀಲವನ್ನು ವಿನ್ಯಾಸ ಮಾಡುವಾಗ ಅದರ ಮೇಲಿನ ಹೆಸರಿಗೆ ನಾನು ಆರಿಸಿದ್ದು ದಪ್ಪನೆಯ, ಇಕ್ಕಟ್ಟಾಗಿ ನಿಂತ ಅಕ್ಷರಗಳನ್ನು. ಹಳೆಯ ಕಾಲದ ಅಚ್ಚಿನಂತೆ ಕಾಣಲೆಂದು ಅವುಗಳ ಮೈಯನ್ನು ಅಲ್ಲಲ್ಲಿ ಸವೆಸಿದ್ದೆ. ಚೀಲಗಳೆಲ್ಲ ಅಚ್ಚಾಗಿ ಬಂದ ದಿನ ಮಾಲೀಕರು ಒಂದನ್ನು ಬೆಳಕಿಗೆ ಹಿಡಿದರು.

“ಮಸಿ ಖಾಲಿ ಆಗಿತ್ತೇನ್ರಿ?”

“ಇಲ್ರಿ, ಬೇಕಂತನ ಹಂಗ ಮಾಡೀನಿ.”

“ಬೇಕಂತ ಕೆಡಿಸೀರಿ? ಮಂದಿ ಇದನ್ನ ಬಳಸಿ ಬಿಟ್ಟ ಚೀಲ ಅಂತಾರ. ಎಲ್ಲಾ ವಾಪಸ್ ಒಯ್ರಿ.”

ಮಾದರಿಯನ್ನು ಫೋನಿನಲ್ಲಿ ನೋಡಿ ಒಪ್ಪಿದ್ದವರು ಅವರೇ. ಆದರೆ ವಾದಿಸುವುದು ನನಗೆ ಬರುವುದಿಲ್ಲ. ಐದು ಸಾವಿರ ಚೀಲಗಳನ್ನು ಎಲ್ಲಿಗೆ ಒಯ್ಯಲಿ ಎಂದು ಯೋಚಿಸುತ್ತ ನಿಂತೆ.

ಹಮಾಲರಲ್ಲಿ ಹಿರಿಯನಾದ ಮೌಲಾಸಾಬ ಒಂದು ಚೀಲವನ್ನು ತಿರುವಿ ನೋಡಿದ.

“ಸಾವ್ಕಾರ್ರ, ಗಿರಾಕಿ ಕೇಳೋದು ವರ್ಷ ಇಟ್ಟ ಹಳೆ ಅಕ್ಕೀನ. ಅದನ್ನ ಮಿರಿಮಿರಿ ಚೀಲದಾಗ ಕೊಟ್ರ ಯಾರು ನಂಬ್ತಾರ? ಇದರಾಗ ತುಂಬ್ರಿ.”

ಮಾಲೀಕರು ಚೀಲವನ್ನು ಮತ್ತೊಮ್ಮೆ ನೋಡಿದರು.

“ಆತು, ಇವು ಹಳೆ ಅಕ್ಕಿಗಿರ್ಲಿ. ಹೊಸ ಅಕ್ಕಿಗೆ ಛಲೋ ಅಕ್ಷರ ಮಾಡಿಕೊಡ್ರಿ.”

ನನಗೆ ಹೋದ ಜೀವ ಬಂದಂತಾಯಿತು.

ಆ ಛಲೋ ಅಕ್ಷರಗಳಿಗೆ ಅರ್ಧ ತಾಸು ಸಾಕಾಯಿತು. ಸವೆದವಕ್ಕೆ ನಾಲ್ಕು ದಿನ ಹಿಡಿದಿತ್ತೆಂದು ಮಾತ್ರ ಅವರಿಗೆ ಇನ್ನೂ ಹೇಳಿಲ್ಲ.