ತಂಗಿಯ ಸ್ಕ್ಯಾನರ್‌ಗಿಂತ ಒಳ್ಳೆಯದು

ಭದ್ರಾವತಿಯಲ್ಲಿರುವ ನನ್ನ ತಂಗಿ ಅಪ್ಪನ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕತೊಡಗಿದಾಗಿನಿಂದ ನನಗೆ ಊಟ ರುಚಿಸುತ್ತಿರಲಿಲ್ಲ. ಅಪ್ಪ ಸಂಸ್ಕೃತದ ಮೇಷ್ಟರು. ಅವರು ಹೋದ ಮೇಲೆ ಪುಸ್ತಕಗಳನ್ನು ನಾವಿಬ್ಬರೂ ಹಂಚಿಕೊಂಡಿದ್ದೆವು. ನನ್ನ ಪಾಲು ವಿನೋಬನಗರದ ನಮ್ಮ ಮನೆಯ ಬೀರುವಿನಲ್ಲಿ ನುಸಿಗುಳಿಗೆಗಳ ನಡುವೆ ಕೂತಿತ್ತು. ಅವಳ ಪಾಲನ್ನು ನೆಂಟರೆಲ್ಲ ಓದುತ್ತಿದ್ದರು. "ಅಪ್ಪನ ವಿದ್ಯೆ ಉಳಿಸಿದವಳು ನೀನೇ ಕಣೇ" ಎಂದು ಚಿಕ್ಕಪ್ಪ ಅವಳಿಗೆ ಬರೆದರು. ಅಪ್ಪ ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದ್ದು ನನಗೆ! ಆ ಮಾತು ಅವಳಿಗೆ ಹೇಗೆ ಸಲ್ಲುತ್ತದೆ?

ನಾನೂ ಸ್ಕ್ಯಾನರ್ ಕೊಳ್ಳಲು ಹೊರಟೆ. ಯಾವುದು ಒಳ್ಳೆಯದೆಂದು ತಂಗಿಯನ್ನೇ ಕೇಳಬಹುದಿತ್ತು. ಕೇಳಿದ್ದರೆ ನನ್ನ ಮರ್ಯಾದೆ ಏನಾಗಬೇಕು?

ಅಂಗಡಿಯವರು ಎರಡು ಬಗೆ ತೋರಿಸಿದರು. ಒಂದು ತಂಗಿಯ ಬಳಿ ಇರುವಂಥದ್ದು. ಮೇಜಿನ ದೀಪದ ಹಾಗೆ ಬಾಗಿ ನಿಂತು, ಕೆಳಗೆ ತೆರೆದಿಟ್ಟ ಪುಸ್ತಕದ ಫೋಟೋ ತೆಗೆಯುತ್ತದೆ. ಇನ್ನೊಂದರಲ್ಲಿ ಪುಸ್ತಕವನ್ನು ಗಾಜಿನ ಮೇಲೆ ಬೋರಲು ಹಾಕಿ ಮುಚ್ಚಳ ಒತ್ತಬೇಕು.

"ಅಕ್ಷರ ಯಾವುದ್ರಲ್ಲಿ ಚೆನ್ನಾಗಿ ಬರುತ್ತೆ?"

"ಗಾಜಿಂದ್ರಲ್ಲೇ ಮೇಡಂ. ಆದ್ರೆ ಹಳೇ ಬುಕ್ಕಾದ್ರೆ ಬೈಂಡಿಂಗ್ ತಡ್ಕೊಳಲ್ಲ. ನಿಮ್ದು ಹೊಲಿಗೆ ಹಾಕಿದ್ದಾ?"

ಮೊದಲ ಮಾತಿನಾಚೆಗೆ ನನಗೇನೂ ಕೇಳಿಸಲಿಲ್ಲ. ತಂಗಿಯದಕ್ಕಿಂತ ಅಕ್ಷರ ಚೆನ್ನಾಗಿ ಬರುತ್ತದಲ್ಲ, ಅಷ್ಟು ಸಾಕಿತ್ತು.

ಮನೆಗೆ ತಂದು, ಎಲ್ಲ ಹೊಸ ಸಾಮಾನಿಗೂ ಮಾಡುವಂತೆ ಅದರ ಮುಚ್ಚಳಕ್ಕೂ ಅರಿಶಿನ ಕುಂಕುಮ ಇಟ್ಟು ಊದುಬತ್ತಿ ಬೆಳಗಿದೆ. ಆಮೇಲೆ ಅಪ್ಪ ನನಗೆ ಪಾಠ ಹೇಳಿದ ಸುಭಾಷಿತಗಳ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಗಾಜಿನ ಮೇಲೆ ಬೋರಲು ಹಾಕಿದೆ. ಹಾಗೆ ಹಾಕಿದ್ದು ಕಂಡಿದ್ದರೆ ಅಪ್ಪ ರೇಗುತ್ತಿದ್ದರು. ನಡುಮಡಿಕೆಯ ಹತ್ತಿರದ ಅಕ್ಷರಗಳು ಕಪ್ಪು ನೆರಳಿನಲ್ಲಿ ಮುಚ್ಚಿಹೋದವೆಂದು ಇನ್ನಷ್ಟು ಒತ್ತಿದೆ. ಹೊಲಿಗೆ ಪಟ್ಟನೆ ಬಿಟ್ಟಿತು. ಆದರೂ ನಿಲ್ಲಿಸಲಿಲ್ಲ. ಒಂದಷ್ಟು ಪುಟ ಮುಗಿಸಿ ಗುಂಪಿಗೆ ಕಳಿಸಿ, ಹೊಗಳಿಕೆಗೆ ಕಾದು ಕೂತೆ.

ಮೊದಲು ಬಂದದ್ದು ತಂಗಿಯ ಫೋನು. "ಅಕ್ಕಾ, ಗಾಜಿಗೂ ಕುಂಕುಮ ಇಟ್ಟಿದೀಯೇನೇ? ಎಲ್ಲಾ ಪುಟದಲ್ಲೂ ಒಂದೇ ಜಾಗದಲ್ಲಿ ಕೆಂಪು ಚುಕ್ಕೆ!"

ಮುಚ್ಚಳದಿಂದ ಉದುರಿದ್ದು. ಗುಂಪಿನಲ್ಲಿ ಆಗಲೇ ನಗು ಶುರುವಾಗಿತ್ತು. ನನಗೆ ಅಳು ಬಂತು. "ಅಪ್ಪನ ಪುಸ್ತಕದ ಹೊಲಿಗೆ ಬಿಟ್ಟೋಯ್ತು ಕಣೇ" ಎಂದೆ.

ಅವಳು ನಗು ನಿಲ್ಲಿಸಿದಳು. "ಇನ್ನು ಒತ್ತಬೇಡ. ಅದನ್ನ ತಗೊಂಡು ಇಲ್ಲಿಗೆ ಬಾ ಮಾರಾಯ್ತಿ."

ಭದ್ರಾವತಿಯ ಬಸ್ಸು ಹತ್ತಿದೆ. ದಾರಿಯಲ್ಲಿ ಮಲವಗೊಪ್ಪ ದಾಟುವವರೆಗೂ ಇಳಿದು ವಾಪಸು ಹೋಗಿಬಿಡೋಣವೆನಿಸುತ್ತಿತ್ತು.

ತಂಗಿ ಪುಸ್ತಕವನ್ನು ಅರ್ಧ ಮಾತ್ರ ತೆರೆದು, ಎರಡೂ ಕಡೆ ಮಡಿಸಿದ ಟವೆಲ್ ಆನಿಸಿ, ತನ್ನ ಸ್ಕ್ಯಾನರಿನ ಕೆಳಗಿಟ್ಟಳು. ಪುಟ ತಿರುವುತ್ತ ಶ್ಲೋಕಗಳನ್ನು ಸಣ್ಣ ದನಿಯಲ್ಲಿ ಓದಿಕೊಳ್ಳುತ್ತಿದ್ದಳು. ಒಂದೂ ತಪ್ಪಿಲ್ಲ.

"ನಿಂಗೆ ಯಾವಾಗ ಬಂತೇ ಇದು?"

"ಸ್ಕ್ಯಾನ್ ಮಾಡ್ತಾ ಮಾಡ್ತಾ ಅಕ್ಷರ ಕೂಡಿಸ್ಕೊಂಡು ಓದಿ ಕಲಿತೆ. ಅಪ್ಪ ನಿಂಗೆ ಪಾಠ ಹೇಳ್ತಿದ್ರು, ನನ್ನನ್ನ 'ಕಾಫಿ ತಾ' ಅಂತ ಒಳಗೆ ಕಳಿಸ್ತಿದ್ರು. ಲೋಟ ಹಿಡ್ಕೊಂಡು ಬಾಗಿಲಲ್ಲಿ ನಿಂತು, ನಿನ್ನ ನೋಡಿ ಎಷ್ಟು ಹೊಟ್ಟೆ ಉರ್ಕೊಂಡಿದೀನಿ ಗೊತ್ತಾ? ಈ ಪುಟ ನೀನು ಓದು, ಕೇಳ್ತೀನಿ."

ಓದಿದೆ. ಎರಡನೆಯ ಸಾಲಿನ ಉದ್ದನೆಯ ಸಮಾಸದಲ್ಲಿ ತಡವರಿಸಿ ನಿಂತುಬಿಟ್ಟೆ. ಅವಳು ಅದನ್ನು ಒಂದೊಂದೇ ಪದವಾಗಿ ಬಿಡಿಸಿ ಹೇಳಿದಳು, ಅಪ್ಪನದೇ ಧಾಟಿಯಲ್ಲಿ.

ನನ್ನ ಹೊಟ್ಟೆ ಮತ್ತೆ ಉರಿಯಿತು. ಪುಟ ಅಲುಗದಂತೆ ಎರಡೂ ಅಂಚು ಹಿಡಿದುಕೊಂಡು, "ಹೂಂ, ಫೋಟೋ ತೆಗಿ" ಎಂದೆ.