ಆಯುಧಪೂಜೆಯ ಒಂದೂವರೆ ಮಿಲಿಮೀಟರ್

ಹೆಸರಘಟ್ಟ ರಸ್ತೆಯಲ್ಲಿ ಹಾಲಿನ ವ್ಯಾನೊಂದು ನನ್ನ ಬೈಕನ್ನು ಓವರ್‌ಟೇಕ್ ಮಾಡಿತು. ಮಾಡಲಿ ಬಿಡಿ. ಆದರೆ ಅದರ ಡ್ರೈವರ್ ಕಿಟಕಿಯಿಂದ ಕೈ ಹೊರಗೆ ಹಾಕಿ, ‘ಬಾ, ಬಾ’ ಅಂತ ಕರೆಯಬೇಕೇ?

ಈ ಬೈಕಿನ ಬಗ್ಗೆ ನಿಮ್ಮ ಮುಂದೆ ಎಷ್ಟೋ ಸಲ ಕೊಚ್ಚಿಕೊಂಡಿದ್ದೇನೆ. ಮೊದಲ ಕೆಲಸ ಸಿಕ್ಕಾಗ ಕೊಂಡದ್ದು. ಯಲಹಂಕದಿಂದ ಹೆಬ್ಬಾಳಕ್ಕೆ ಬಾಣದಂತೆ ಹೋಗುತ್ತಿತ್ತು. (ಆಗ ಸಿಗ್ನಲ್ಲೂ ಕಡಿಮೆ ಇದ್ದವು, ಒಪ್ಪಿಕೊಳ್ಳುತ್ತೇನೆ.) ಅವಮಾನ ತಡೆಯಲಾಗಲಿಲ್ಲ.

ಮಾರನೇ ದಿನವೇ ಆರ್.ಟಿ. ನಗರದಲ್ಲಿರುವ ಗಫಾರ್ ಭಾಯ್ ಗ್ಯಾರೇಜಿಗೆ ಹೋಗಿ ಎಂಜಿನ್ ಬಿಚ್ಚಿಸಿದೆ. ಸಿಲಿಂಡರನ್ನು ಅಗಲಕ್ಕೆ ಕೊರೆಸಿ ದೊಡ್ಡ ಪಿಸ್ಟನ್ ಕೂರಿಸಬೇಕು. ಆಮೇಲೆ ಆ ವ್ಯಾನನ್ನು ನೋಡಿಕೊಳ್ಳೋಣ.

“ಕೊರೀಬಹುದು ಸಾರ್. ಆದ್ರೆ ಗೋಡೆ ಎಷ್ಟ್ ದಪ್ಪ ಇದೆ ನೋಡ್ಬೇಕು,” ಎಂದರು ಭಾಯ್. “ತೆಳ್ಳಗಾದ್ರೆ ಬಿಸಿಗೆ ಬಿರುಕು ಬಿಡುತ್ತೆ. ಈ ಸಿಲಿಂಡರ್ ಈಗ ಎಲ್ಲೂ ಸಿಗಲ್ಲ. ಇದು ಹೋದ್ರೆ ಗಾಡೀನೇ ಹೋಯ್ತು.”

ಭಾಯ್ ಸಿಲಿಂಡರಿನ ಹೊರಗಿನ ಪಟ್ಟಿಗಳ ಸಂದಿಗೆ ಕ್ಯಾಲಿಪರ್ ತೂರಿಸಿ ಅಳೆದರು. ಐದೂವರೆ ಮಿಲಿಮೀಟರ್! ದೊಡ್ಡ ಪಿಸ್ಟನ್ನಿಗೆ ಬೇಕಾದ ಒಂದೂವರೆ ಕೊರೆದರೂ ನಾಲ್ಕು ಉಳಿಯುತ್ತದೆ. ನಾಲ್ಕಕ್ಕಿಂತ ಕೆಳಗಿಳಿಯುವ ಕೆಲಸಕ್ಕೆ ಭಾಯ್ ಕೈ ಹಾಕುವುದಿಲ್ಲ, ಅದು ಅವರ ರೂಲ್. ಖುಷಿಯಲ್ಲಿ ಗ್ಯಾರೇಜಿಗೆಲ್ಲ ಟೀ ಹೇಳಿದೆ.

ಟೀ ಬರುವಷ್ಟರಲ್ಲಿ ಭಾಯ್ ಹುಬ್ಬು ಗಂಟಿಕ್ಕಿತ್ತು.

“ಹೊಸದ್ರಲ್ಲೇ ಇಷ್ಟ್ ದಪ್ಪ ಇರ್ಲಿಲ್ವಲ್ಲ ಸಾರ್. ವಯಸ್ಸಾದ್ಮೇಲೆ ಬೆಳೀತಾ?” ಎನ್ನುತ್ತ ಸ್ಕ್ರೂಡ್ರೈವರಿನಿಂದ ಹೊರಗೋಡೆ ಕೆರೆದರು.

ಸಿಲ್ವರ್ ಪೇಂಟ್ ಎದ್ದಿತು. ಅದರ ಕೆಳಗೆ ಕುಂಕುಮ. ಅದರ ಕೆಳಗೆ ಮತ್ತೆ ಪೇಂಟ್. ಮತ್ತೆ ಕುಂಕುಮ.

ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಇಪ್ಪತ್ತು ವರ್ಷಗಳಿಂದ ಪ್ರತಿ ಆಯುಧಪೂಜೆಗೂ ಎಂಜಿನ್‌ಗೆ ಪೇಂಟ್ ಬಳಿಯುವವನು ನಾನೇ. ಅರಿಶಿನ-ಕುಂಕುಮ ಹಚ್ಚುವವಳು ಹೆಂಡತಿ. ಹಚ್ಚಿದ ಕುಂಕುಮ ಒರೆಸಬಾರದೆಂದು ಅಮ್ಮ ಹೇಳಿದ್ದರು. ಹಾಗಾಗಿ ಒರೆಸದೆ ಅದರ ಮೇಲೇ ಬಳಿಯುತ್ತ ಬಂದೆ. (ಸೋಮಾರಿತನಕ್ಕೆ ಶಾಸ್ತ್ರದ ಬೆಂಬಲ ಸಿಕ್ಕರೆ ಯಾರು ಬಿಡುತ್ತಾರೆ?)

ಪೂರ್ತಿ ಕೆರೆದು ಮತ್ತೆ ಅಳೆದರೆ, ಬರೀ ನಾಲ್ಕು.

“ಒಂದೂವರೆ ಮಿಲಿಮೀಟರ್ ಭಕ್ತಿ ಸಾರ್,” ಎಂದರು ಭಾಯ್ ಗಂಭೀರವಾಗಿ. “ಅದು ಪ್ರೆಶರ್ ತಡ್ಕೊಳಲ್ಲ.”

“ಒಂಚೂರು ಕೊರೆದ್ರೆ? ಅಡ್ಜಸ್ಟ್ ಮಾಡಿ ಭಾಯ್.”

“ನಾನ್ ಮಾಡ್ತೀನಿ. ಕಬ್ಬಿಣ ಮಾಡಲ್ಲ.”

ನೀರಿಳಿಯುವ ಗೋಡೆಗೆ ಬಣ್ಣ ಹೊಡೆಸಿ ‘ಟು-ಲೆಟ್’ ಬೋರ್ಡ್ ನೇತುಹಾಕುವ ನಮ್ಮ ಬ್ಯಾಟರಾಯನಪುರದ ಮನೆ ಓನರನ್ನು ಇಷ್ಟು ವರ್ಷ ಬೈಯುತ್ತಿದ್ದೆನಲ್ಲ, ಯಾವ ಮುಖ ಇಟ್ಟುಕೊಂಡು? ಅವರು ಕನಿಷ್ಠ ಬಾಡಿಗೆದಾರರಿಗೆ ಮೋಸ ಮಾಡುತ್ತಾರೆ. ನಾನು ನನಗೇ ಮಾಡಿಕೊಂಡಿದ್ದೆ.

ದೊಡ್ಡ ಪಿಸ್ಟನ್ ಆಸೆ ಬಿಟ್ಟು, ಹಳೇ ಪಿಸ್ಟನ್ನಿಗೇ ಹೊಸ ರಿಂಗ್ ಹಾಕಿಸಿಕೊಂಡು ಬಂದೆ. ಬೈಕ್ ಉಳಿಯಿತು. ಸಮಾಧಾನವಾಯಿತೇ? ಸುಳ್ಳು ಯಾಕೆ ಹೇಳಲಿ, ಆಗಲಿಲ್ಲ.

ಭಾನುವಾರ ಅದೇ ರಸ್ತೆಯಲ್ಲಿ ಅದೇ ವ್ಯಾನ್ ಮತ್ತೆ ನನ್ನನ್ನು ದಾಟಿ ಹೋಯಿತು. ಅದೇ ಕೈ, ಅದೇ ‘ಬಾ, ಬಾ’. ಹಿಂಬದಿಗೆ ಫಳಫಳ ಹೊಸ ಪೇಂಟ್, ಅದರ ಮೇಲೆ ದಪ್ಪನೆಯ ಕುಂಕುಮ.

ಅದನ್ನೂ ಯಾರಾದರೂ ಒಮ್ಮೆ ಕೆರೆದು ನೋಡಬಾರದೇ?